ಬಸುರಿಯ ಬೆಳಗಿನ ತಿಂಡಿ

ನಮ್ಮ ಆರೋಗ್ಯ ಸಂವಾದದ ಕೊನೆಯ ಎರಡು ನಿಮಿಷಗಳಲ್ಲಿ ಬರುವ ಕರೆಗಳೇ ಹೆಚ್ಚು ತೊಡಕಿನವು. ಈಚೆಗೆ ಅಂಥದೊಂದು ಕರೆ ಬಂತು. ಮಾತನಾಡಿದವರು ಏಳು ತಿಂಗಳ ಬಸುರಿ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಸರಿಯಾಗಿಯೇ ಇರುತ್ತದೆ, ಒಗ್ಗರಣೆ ಅವಲಕ್ಕಿ ತಿಂದ ಮೇಲೆ ನೋಡಿದರೆ ಏರಿರುತ್ತದೆ. "ಅದಕ್ಕೇ ಡಾಕ್ಟರೆ, ಒಂದು ವಾರದಿಂದ ತಿಂಡಿಯನ್ನೇ ಬಿಟ್ಟಿದ್ದೇನೆ. ಮಧ್ಯಾಹ್ನ ಒಟ್ಟಿಗೆ ಊಟ ಮಾಡುತ್ತೇನೆ. ಮಗುವಿಗೆ ಒಳ್ಳೆಯದೇ ಅಲ್ಲವೆ?" ವೈದ್ಯರು "ಬೇಡ ತಾಯಿ, ತಿಂಡಿ ಬಿಡಬೇಡಿ" ಎನ್ನುವಷ್ಟರಲ್ಲಿ ಸಮಯ ಮುಗಿಯಿತು. ಕೈಸನ್ನೆ ಮಾಡಿ ಅವರ ಮಾತು ನಿಲ್ಲಿಸಿದ ನಿರ್ಮಾಪಕಿ ನಾನೇ. ವೈದ್ಯರ ಆ ನಾಲ್ಕು ಪದಗಳ ಹಿಂದೆ ಸುಮಾರು 200 ವರ್ಷಗಳ ಕಥೆಯಿದೆ. ಪರದೆಯ ಮೇಲೆ ಹೇಳಲಾಗದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

1824ರಲ್ಲಿ ಬರ್ಲಿನ್ನಿನ ಹೈನ್ರಿಖ್ ಬೆನೆವಿಟ್ಸ್ ತನ್ನ ವೈದ್ಯಪದವಿಯ ಪ್ರಬಂಧದಲ್ಲಿ 22 ವರ್ಷದ ಒಬ್ಬ ಬಸುರಿಯನ್ನು ಕುರಿತು ಬರೆದ. ಅದು ಆಕೆಯ ಐದನೆಯ ಬಸಿರು. ತೀರದ ಬಾಯಾರಿಕೆ, ಮೂತ್ರದಲ್ಲಿ ಸಕ್ಕರೆ. ಮಗು 12 ಪೌಂಡ್ ತೂಗಿತು, ಆದರೆ ಹೆರಿಗೆಯಲ್ಲಿ ಬದುಕಲಿಲ್ಲ. ಹೆರಿಗೆಯ ನಂತರ ತಾಯಿಯ ಮೂತ್ರದ ಸಕ್ಕರೆ ಮಾಯವಾಯಿತು. ಬಸಿರಿನೊಡನೆ ಬಂದು ಬಸಿರಿನೊಡನೆ ಹೋಗುವ ಮಧುಮೇಹದ ಮೊದಲ ಸ್ಪಷ್ಟ ದಾಖಲೆ ಇದೆಂದು ಎಣಿಸುತ್ತಾರೆ. 1882ರಲ್ಲಿ ಲಂಡನ್ನಿನ ಮ್ಯಾಥ್ಯೂಸ್ ಡಂಕನ್ ಇಂಥ ಪ್ರಕರಣಗಳನ್ನು ಒಟ್ಟುಗೂಡಿಸಿದಾಗ ಕಂಡದ್ದು ತಾಯಿ ಮಕ್ಕಳ ಸಾವಿನ ಪಟ್ಟಿಯೇ.

ಆಗ ಇದ್ದ ಔಷಧಿ ಒಂದೇ, ಹಸಿವು. 1870ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ರೊಟ್ಟಿಗೆ ಬರ ಬಂದಾಗ, ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಬೂಶಾರ್ದಾ ಎಂಬ ವೈದ್ಯ ಗಮನಿಸಿದ. ಮುಂದೆ 1910ರ ದಶಕದಲ್ಲಿ ನ್ಯೂಯಾರ್ಕಿನ ಫ್ರೆಡರಿಕ್ ಆಲನ್ ಉಪವಾಸವನ್ನೇ ಕಟ್ಟುನಿಟ್ಟಿನ ಚಿಕಿತ್ಸೆಯಾಗಿಸಿದ. ಇವೆರಡರ ನಡುವೆ ಜರ್ಮನಿಯ ಫಾನ್ ನೋರ್ಡನ್ ಕೆಲವು ದಿನಗಳ ಕಾಲ ಓಟ್ಸ್ ಗಂಜಿಯನ್ನೇ ಮುಖ್ಯ ಆಹಾರವಾಗಿ ಕೊಡುವ ಕ್ರಮ ತಂದ. ಇಂದು ನಮ್ಮ ಅಂಗಡಿಗಳಲ್ಲಿ ಪೊಟ್ಟಣಗಟ್ಟಲೆ ಮಾರಾಟವಾಗುವ ಓಟ್ಸ್‌ಗೆ ಮಧುಮೇಹದ ನಂಟು ಅಷ್ಟು ಹಳೆಯದು. (ನೀರು ಹಾಕಿದೊಡನೆ ಬೇಯುವ ಓಟ್ಸ್ ಮಾತ್ರ ಬೇಗನೆ ಸಕ್ಕರೆಯಾಗುತ್ತದೆ ಎಂಬುದು ಬೇರೆ ಮಾತು.)

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಚುಚ್ಚಿದ ಮೇಲೆ ಕಥೆ ತಿರುವು ಪಡೆಯಿತು. ಮಧುಮೇಹದ ಹೆಣ್ಣುಮಕ್ಕಳು ಬದುಕಿ, ಬೆಳೆದು, ಬಸುರಿಯಾಗತೊಡಗಿದರು. 1924ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಅವರ ಚಿಕಿತ್ಸಾಲಯ ಸೇರಿದ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆ ಐವತ್ತು ವರ್ಷ ಇಂಥ ತಾಯಂದಿರಿಗಾಗಿಯೇ ದುಡಿದರು. ಆಕೆ ಸೇರಿದಾಗ ಅರ್ಧದಷ್ಟು ಶಿಶುಗಳು ಉಳಿಯುತ್ತಿದ್ದವು. 1974ರಲ್ಲಿ ನಿವೃತ್ತರಾಗುವ ವೇಳೆಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು.

ಆದರೆ ಮಗು ಅಷ್ಟು ದಪ್ಪಗೇಕೆ? ಡೆನ್ಮಾರ್ಕಿನ ಯೋರ್ಗೆನ್ ಪೆಡರ್ಸನ್ 1952ರಲ್ಲಿ ಕೊಟ್ಟ ವಿವರಣೆ ಇಂದಿಗೂ ನಿಂತಿದೆ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸಬೇಕು, ಅದು ಸಕ್ಕರೆಯನ್ನು ಕೊಬ್ಬಾಗಿ ಕೂಡಿಸುತ್ತದೆ. ತಾಯಿ ತಿಂದ ಪ್ರತಿ ತಿಂಡಿಯ ಏರಿಳಿತವೂ ಮಗುವಿಗೆ ಮುಟ್ಟುತ್ತದೆ.

ಆ ಏರಿಳಿತವನ್ನು ಕಣ್ಣಾರೆ ಕಾಣುವ ಬಗೆ ಮಾತ್ರ ಇರಲಿಲ್ಲ. ನಾನು ಬಿ.ಎಸ್‌ಸಿ. ಓದುವಾಗ ಪ್ರಯೋಗಾಲಯದಲ್ಲಿ ನೀಲಿ ಬೆನೆಡಿಕ್ಟ್ ದ್ರಾವಣ ಕಾಯಿಸಿ, ಅದು ಇಟ್ಟಿಗೆ ಕೆಂಪಿಗೆ ತಿರುಗಿದರೆ ಸಕ್ಕರೆ ಇದೆಯೆಂದು ಬರೆಯುತ್ತಿದ್ದೆವು. ಎಷ್ಟೋ ಕಾಲ ಮೂತ್ರದ ಪರೀಕ್ಷೆಯೇ ವೈದ್ಯರ ದೀಪವಾಗಿತ್ತು. ಬಸುರಿಯ ವಿಷಯದಲ್ಲಿ ಆ ದೀಪ ದಾರಿ ತಪ್ಪಿಸುತ್ತದೆ. ಬಸಿರಿನಲ್ಲಿ ಮೂತ್ರಪಿಂಡಗಳು ಸಕ್ಕರೆಯನ್ನು ಸುಲಭವಾಗಿ ಬಿಟ್ಟುಬಿಡುವುದರಿಂದ ಕಾಯಿಲೆ ಇಲ್ಲದವರ ಮೂತ್ರದಲ್ಲೂ ಅದು ಕಾಣಿಸಬಹುದು. 1970ರ ದಶಕದ ಕೊನೆಗೆ ಬೆರಳು ಚುಚ್ಚಿ ಮನೆಯಲ್ಲೇ ರಕ್ತ ನೋಡಿಕೊಳ್ಳುವ ಉಪಕರಣ ಬಳಕೆಗೆ ಬಂದ ಮೇಲೆ ದಿನದ ಚಿತ್ರ ಸ್ಪಷ್ಟವಾಯಿತು. ಮೂರು ಹೊತ್ತಿನಲ್ಲಿ ಅತ್ಯಂತ ಹಟಮಾರಿ ಹೊತ್ತು ಬೆಳಗಿನದೇ! ಮಧ್ಯಾಹ್ನ ಜೀರ್ಣವಾಗುವಷ್ಟೇ ಅನ್ನವನ್ನು ಬೆಳಿಗ್ಗೆ ತಿಂದರೆ ಸಕ್ಕರೆ ಹೆಚ್ಚು ಏರುತ್ತದೆ. ಬೆಳಗಿನ ಜಾವ ದೇಹದಲ್ಲಿ ಏರುವ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಇನ್ಸುಲಿನ್ನಿನ ಕೈ ಕಟ್ಟುತ್ತವೆ. ಮಾಸಿನ ಹಾರ್ಮೋನುಗಳು ಅದಕ್ಕೆ ಜೊತೆಗೂಡುತ್ತವೆ.

ಹಾಗಾದರೆ ಆ ಹೊತ್ತನ್ನೇ ಬಿಟ್ಟುಬಿಡಬಹುದಲ್ಲ? ನಮಗೆ ಕರೆ ಮಾಡಿದ ತಾಯಿಯ ತರ್ಕ ಅದೇ. ಅದಕ್ಕೆ ಉತ್ತರ ಷಿಕಾಗೋದಿಂದ ಬಂತು. ಅಲ್ಲಿನ ನಾರ್ಬರ್ಟ್ ಫ್ರೈಂಕೆಲ್, ಬಾಯ್ಡ್ ಮೆಟ್ಸ್‌ಗರ್ ಮತ್ತು ಸಂಗಡಿಗರು 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಬಿಟ್ಟ ಬೆಳಗಿನ ತಿಂಡಿ. ಮಧುಮೇಹವಿಲ್ಲದ ಬಸುರಿಯರನ್ನೂ ಬಸುರಿಯರಲ್ಲದ ಹೆಂಗಸರನ್ನೂ ರಾತ್ರಿಯ ಊಟದ ನಂತರ 18 ಗಂಟೆ ಉಪವಾಸವಿರಿಸಿ ಅವರು ರಕ್ತ ನೋಡಿದರು. ಬಸುರಿಯರಲ್ಲಿ ಸಕ್ಕರೆ ಬೇಗನೆ ಕುಸಿದು, ಕೊಬ್ಬು ಕರಗಿ ಹುಟ್ಟುವ ಕೀಟೋನುಗಳು ಬೇಗನೆ ಏರಿದವು. ಬೇರೆಯವರಿಗೆ ಎಷ್ಟೋ ಹೊತ್ತಿನ ಮೇಲೆ ಬರುವ ಉಪವಾಸದ ಸ್ಥಿತಿ ಬಸುರಿಗೆ ತಿಂಡಿ ಬಿಟ್ಟ ಮುಂಜಾನೆಯೇ ಬಂದುಬಿಡುತ್ತದೆ. ಕೀಟೋನುಗಳೂ ಮಾಸನ್ನು ದಾಟುತ್ತವೆ. ಸಕ್ಕರೆಯ ಅಂಕಿ ಚೆಂದ ಕಂಡ ಮಾತ್ರಕ್ಕೆ ಮಗು ಕ್ಷೇಮವೆಂದಲ್ಲ. ಮುತ್ತಿಗೆಯ ಪ್ಯಾರಿಸ್ಸಿನ ಔಷಧಿ ಬಸುರಿಗೆ ಸಲ್ಲದು.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ದೊಡ್ಡ ಪಾಲಿದೆ. ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಮುಂದೆ ಸಂಶೋಧಕರು ಆ ಕಡತಗಳನ್ನು ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸು ದಾಟಿದವರನ್ನು ಊರಲ್ಲಿ ಹುಡುಕಿ ಪರೀಕ್ಷಿಸಿದರು. 1998ರಲ್ಲಿ ಹೊರಬಿದ್ದ ಫಲಿತಾಂಶ ನಿರೀಕ್ಷೆಗಿಂತ ಬೇರೆಯಾಗಿತ್ತು. ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚು. ಆ ತಾಯಂದಿರಿಗೆ ಯಾರೂ ಗುರುತಿಸದ ಬಸಿರಿನ ಮಧುಮೇಹ ಇದ್ದಿರಬಹುದೆ? ಈ ಅನುಮಾನ ಹಿಡಿದು 1997-98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 6 ಮಂದಿಯಲ್ಲಿ ಆ ಕಾಯಿಲೆ ಕಂಡಿತು. ಅವರ ಮಕ್ಕಳನ್ನು ಡಾ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಅನುಸರಿಸಿದರು. ಒಂಬತ್ತೂವರೆ ವರ್ಷಕ್ಕೇ ಆ ಮಕ್ಕಳ ಮೈಯಲ್ಲಿ ಕೊಬ್ಬೂ ರಕ್ತದಲ್ಲಿ ಇನ್ಸುಲಿನ್ನೂ ಹೆಚ್ಚಾಗಿದ್ದವು.

ಇನ್ನು ತಟ್ಟೆಯ ಮಾತು. ಬಸುರಿಗೆ ಸಾಮಾನ್ಯವಾಗಿ ಹೇಳುವ ಮಿತಿ ಖಾಲಿ ಹೊಟ್ಟೆಯಲ್ಲಿ 95, ತಿಂದ ಒಂದು ಗಂಟೆಗೆ 140, ಎರಡು ಗಂಟೆಗೆ 120 ಮಿಲಿಗ್ರಾಂಗಿಂತ ಕಡಿಮೆ. ತಿಂದ ನಂತರದ ಅಂಕಿಯನ್ನೇ ಏಕೆ ನೋಡಬೇಕು ಎನ್ನುವವರಿಗೆ 1995ರಲ್ಲಿ ಕ್ಯಾಲಿಫೋರ್ನಿಯದ ವೈದ್ಯರು ಉತ್ತರ ಕೊಟ್ಟರು. ಇನ್ಸುಲಿನ್ ಪಡೆಯುತ್ತಿದ್ದ 66 ಬಸುರಿಯರಲ್ಲಿ, ಊಟಕ್ಕೆ ಮುಂಚಿನ ಅಂಕಿಗಿಂತ ನಂತರದ ಅಂಕಿ ನೋಡಿ ಇನ್ಸುಲಿನ್ ಹೊಂದಿಸಿಕೊಂಡವರ ಮಕ್ಕಳ ತೂಕ ಹದದಲ್ಲಿತ್ತು. ಬೆಳಗಿನ ತಟ್ಟೆಯಲ್ಲಿ ಅಕ್ಕಿ, ರವೆ, ಅವಲಕ್ಕಿಗಳ ಪಾಲು ಮಧ್ಯಾಹ್ನಕ್ಕಿಂತ ಚಿಕ್ಕದಿರಲಿ, ಬೇಳೆ ಕಾಳು ಮೊಟ್ಟೆ ತರಕಾರಿಗಳ ಪಾಲು ದೊಡ್ಡದಿರಲಿ. ಹೆಸರುಕಾಳಿನ ದೋಸೆ, ಮೊಳಕೆ ಕಾಳಿನ ಉಸಲಿ, ಸೊಪ್ಪು ಕಲಸಿ ತಟ್ಟಿದ ರಾಗಿ ರೊಟ್ಟಿ ನಮ್ಮ ಮನೆಗಳಿಗೆ ಹೊಸದೇನಲ್ಲ. ರಾಗಿ ಎಂದೊಡನೆ ಲೋಟದ ತುಂಬ ಗಂಜಿ ಕುಡಿಯುವವರಿಗೆ ಒಂದು ಎಚ್ಚರಿಕೆ: ಯಾವ ಧಾನ್ಯವಾದರೂ ನುಣ್ಣಗೆ ಬೀಸಿ ತೆಳ್ಳಗೆ ಕಾಯಿಸಿದರೆ ಬೇಗ ಜೀರ್ಣವಾಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಹಣ್ಣಿನ ರಸವೂ ಅಷ್ಟೆ. ತಿಂಡಿಯನ್ನು ಎರಡು ಪಾಲು ಮಾಡಿ ಎರಡು ಗಂಟೆಯ ಅಂತರದಲ್ಲಿ ತಿಂದರೆ ಹಲವರಿಗೆ ಅನುಕೂಲ. ಇಷ್ಟಾದರೂ ಇಳಿಯದಿದ್ದರೆ ವೈದ್ಯರು ಇನ್ಸುಲಿನ್ ಹೇಳುತ್ತಾರೆ. ಅದು ತಾಯಿಯ ತಪ್ಪಿಗೆ ಶಿಕ್ಷೆಯಲ್ಲ, ಮಾಸಿನ ಹಾರ್ಮೋನುಗಳಿಗೆ ಕೊಡುವ ಉತ್ತರ.

ಕಾರ್ಯಕ್ರಮ ಮುಗಿದ ಮೇಲೆ ವೈದ್ಯರು ಆ ತಾಯಿಗೆ ತಾವೇ ಫೋನು ಮಾಡಿದರು. ಎರಡು ಇಡ್ಲಿ, ಬೇಳೆ ತರಕಾರಿ ಹೆಚ್ಚಿರುವ ಒಂದು ಬಟ್ಟಲು ಸಾಂಬಾರು, ಹತ್ತು ಗಂಟೆಗೆ ಒಂದಿಷ್ಟು ಉಸಲಿ ಎಂದರು. ತಿಂಡಿಯಾದ ಒಂದು ಗಂಟೆಗೆ ಬೆರಳು ಚುಚ್ಚಿ ನೋಡಿ ತಮ್ಮ ಆಸ್ಪತ್ರೆಯ ವೈದ್ಯರಿಗೆ ತೋರಿಸುವಂತೆಯೂ ಹೇಳಿದರು. ಮರುವಾರ ಆಕೆ ನಮ್ಮ ಕಚೇರಿಗೆ ಕರೆ ಮಾಡಿ, 132 ಬಂತು ಎಂದರು. ಅವಲಕ್ಕಿ ಮತ್ತೆ ಯಾವಾಗ ತಿನ್ನಬಹುದು ಎಂದೂ ಕೇಳಿದರು.