1884ರ ಚಳಿ 7.8 ಆದದ್ದು ಹೇಗೆ?

ಚಳಿಗಾಲ ಬಂತೆಂದರೆ ಪೇಪರ್‌ನವರು ಒಂದು ಅಂಕಿ ತಪ್ಪದೆ ಹಾಕ್ತಾರೆ: 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ, ಇದುವರೆಗಿನ ಅತಿ ಕಡಿಮೆ. ಆದರೆ ಸ್ನೇಹಿತರೇ, ಆ ಕಾಲದಲ್ಲಿ ಇಲ್ಲಿ ಸೆಲ್ಸಿಯಸ್ ಲೆಕ್ಕವೇ ನಡೀತಿರಲಿಲ್ಲ.

1881ರಲ್ಲಿ ಮೈಸೂರು ಸೀಮೆ ಮಹಾರಾಜರಿಗೆ ವಾಪಸ್ ಬಂತು. ಹಲಸೂರು, ಈಗಿನ ಶಿವಾಜಿನಗರ ಸೇರಿದ ದಂಡು ಪ್ರದೇಶ ಮಾತ್ರ ಇಂಗ್ಲಿಷರ ಕೈಯಲ್ಲೇ ಉಳೀತು. ಪೇಟೆಗೊಂದು ಆಡಳಿತ, ದಂಡಿಗೊಂದು ಆಡಳಿತ. ಆದರೂ ಬಿಸಿಲು, ಚಳಿ, ಜ್ವರ ಅಳೆಯೋದು ಎರಡೂ ಕಡೆ ಫ್ಯಾರನ್‌ಹೀಟ್‌ನಲ್ಲೇ.

ಆ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟೋದು 32ಕ್ಕೆ, ಕುದಿಯೋದು 212ಕ್ಕೆ. ನಡುವೆ 180 ಮೆಟ್ಟಿಲು. 1742ರಲ್ಲಿ ಸ್ವೀಡನ್ ದೇಶದ ಸೆಲ್ಸಿಯಸ್ ಅದೇ ಅಂತರವನ್ನು 100 ಮೆಟ್ಟಿಲು ಮಾಡಿದ. ತಮಾಷೆ ಅಂದ್ರೆ ಅವನು ಕುದಿಯೋದಕ್ಕೆ 0, ಹೆಪ್ಪುಗಟ್ಟೋದಕ್ಕೆ 100 ಇಟ್ಟಿದ್ದ; ತಲೆಕೆಳಗು ಮಾಡಿದ್ದು ಆಮೇಲಿನವರು. 180ನ್ನು 100ರಿಂದ ಭಾಗಿಸಿದರೆ 1.8. ಸೂತ್ರ ಇಷ್ಟೇ: ಸೆಲ್ಸಿಯಸ್ ಅಂಕಿಯನ್ನು 1.8ರಿಂದ ಗುಣಿಸಿ, 32 ಕೂಡಿಸಿ.

ಈಗ 7.8 ಹಾಕಿ ನೋಡಿ. ಗುಣಿಸಿದರೆ 14.04, ಕೂಡಿಸಿದರೆ 46.04. ಅಂದರೆ ಆವತ್ತು ಬೆಂಗಳೂರಿನವರು ನಡುಗಿದ್ದು 46 ಡಿಗ್ರಿಗೆ! 1931ರ ಮೇ 22ರ ಬಿಸಿಲು 38.9. ಅದನ್ನೂ ತಿರುಗಿಸಿದರೆ 102.02. ಎರಡೂ ಹೆಚ್ಚುಕಡಿಮೆ ಪೂರ್ತಿ ಅಂಕಿಗೇ ಬಂದು ನಿಲ್ಲುತ್ತವೆ. ಚುಕ್ಕಿಯ ಮುಂದಿನ 8, 9 ಎಲ್ಲ ಆಮೇಲೆ ಲೆಕ್ಕ ತಿರುಗಿಸಿದಾಗ ಬಂದವು. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂದು ಸೇರು, ಮಣ ಹೋದ ಕಾಲದಲ್ಲೇ ಹವಾಮಾನದ ಲೆಕ್ಕವೂ ಬದಲಾಯ್ತು. 2016ರ ಏಪ್ರಿಲ್ 24ರ 39.2 ಸೆಲ್ಸಿಯಸ್‌ನಲ್ಲೇ ಅಳೆದದ್ದು.

ಎಡವೋ ಜಾಗ ಒಂದಿದೆ. 1931ಕ್ಕಿಂತ 2016ರಲ್ಲಿ 0.3 ಡಿಗ್ರಿ ಜಾಸ್ತಿ. ಇದು ವ್ಯತ್ಯಾಸ, ಇದಕ್ಕೆ 32 ಕೂಡಿಸಬಾರದು, 1.8ರಿಂದ ಗುಣಿಸಿದರೆ ಸಾಕು: 0.54. ಭೂಮಿ 1.5 ಡಿಗ್ರಿ ಕಾಯ್ತದೆ ಅಂದರೆ ಹಳೇ ಲೆಕ್ಕದಲ್ಲಿ 2.7, 33.5 ಅಲ್ಲ, 34.7ಉ ಅಲ್ಲ.

ಇಂಗ್ಲಿಷರು ಹೋದರೂ ಫ್ಯಾರನ್‌ಹೀಟ್ ನಮ್ಮ ಕೊಟ್ಟಿಗೆ ಬಿಟ್ಟು ಹೋಗಿಲ್ಲ. ಹಸುವಿನ ಮೈಬಿಸಿ 101.5 ಇದ್ದರೆ ಸರಿ ಅಂತ ಈಗಲೂ ಹೇಳ್ತೇವೆ. ಹೊಸ ಡಿಜಿಟಲ್ ಥರ್ಮಾಮೀಟರ್ 38.6 ತೋರಿಸಿದರೆ ಗಾಬರಿ ಬೇಡ, ಎರಡೂ ಒಂದೇ. 40 ತೋರಿಸಿದರೆ ಮಾತ್ರ ಅದು 104. ಜ್ವರ ಜೋರಾಗಿದೆ, ತಡ ಮಾಡದೆ ಪಶುವೈದ್ಯರನ್ನು ಕರೆಸಿ.