ಸಮತೋಲನ ಸೈಕಲ್

ಸಮತೋಲನ ಸೈಕಲ್ ಎಂಬುದು ಪೆಡಲ್, ಸರಪಳಿ ಹಾಗೂ ಪಕ್ಕದ ಆಸರೆ ಚಕ್ರಗಳಿಲ್ಲದ, ಚಿಕ್ಕ ಮಕ್ಕಳಿಗಾಗಿ ರೂಪಿಸಲಾದ ಎರಡು ಚಕ್ರಗಳ ವಾಹನ. ಮಾರುಕಟ್ಟೆಯಲ್ಲಿ ಇದು ಬ್ಯಾಲೆನ್ಸ್ ಬೈಕ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಮಗು ಆಸನದ ಮೇಲೆ ಕುಳಿತು, ಪಾದಗಳಿಂದ ನೆಲವನ್ನು ಹಿಂದಕ್ಕೆ ಒತ್ತುತ್ತ ಮುಂದೆ ಸಾಗುತ್ತದೆ. ವೇಗ ಬಂದಾಗ ಕಾಲುಗಳನ್ನು ಮೇಲೆತ್ತಿ, ಸಮತೋಲನ ಕಾಯ್ದುಕೊಂಡು ಜಾರುತ್ತದೆ. ಸಾಮಾನ್ಯವಾಗಿ 2ರಿಂದ 4 ವರ್ಷದ ಮಕ್ಕಳು ಇದನ್ನು ಬಳಸುತ್ತಾರೆ. ಸೈಕಲ್ ಸವಾರಿಯಲ್ಲಿ ಮೊದಲು ಸಮತೋಲನವನ್ನೂ ಅನಂತರ ಪೆಡಲ್ ತುಳಿಯುವುದನ್ನೂ ಕಲಿಸುವುದು ಇದರ ಉದ್ದೇಶ. ಕೆಲವೇ ವರ್ಷ ಬಳಕೆಗೆ ಬರುವ ಈ ವಾಹನಕ್ಕೆ ಹಣ ವ್ಯಯಿಸುವುದು ಸಾರ್ಥಕವೇ ಎಂಬ ಪ್ರಶ್ನೆ ಪೋಷಕರಲ್ಲಿ ಸಹಜವಾಗಿ ಮೂಡುತ್ತದೆ.

ರಚನೆ

ಇದರ ಚೌಕಟ್ಟನ್ನು ಉಕ್ಕು, ಅಲ್ಯೂಮಿನಿಯಂ, ಮರ ಅಥವಾ ಪ್ಲಾಸ್ಟಿಕ್‌ನಿಂದ ತಯಾರಿಸುತ್ತಾರೆ. ಚಕ್ರಗಳ ವ್ಯಾಸ ಬಹುತೇಕ 12 ಅಂಗುಲವಿರುತ್ತದೆ. ತೂಕವು ಸಾಮಾನ್ಯವಾಗಿ 3ರಿಂದ 5 ಕಿಲೋಗ್ರಾಂಗಳಷ್ಟು. ಪೆಡಲ್ ವ್ಯವಸ್ಥೆ ಇಲ್ಲದ ಕಾರಣ ಆಸನವನ್ನು ಬಹಳ ತಗ್ಗಿಸಬಹುದು. ಮಗುವಿನ ಎರಡೂ ಪಾದಗಳು ನೆಲದ ಮೇಲೆ ಪೂರ್ಣವಾಗಿ ಊರುತ್ತವೆ. ಗಾಳಿ ತುಂಬಿದ ಟೈರುಗಳು ಒರಟು ನೆಲದಲ್ಲಿ ಕುಲುಕಾಟವನ್ನು ಕಡಿಮೆ ಮಾಡುತ್ತವೆ. ಫೋಮ್ ಟೈರುಗಳು ಹಗುರವಾಗಿದ್ದು ಪಂಕ್ಚರ್ ಆಗುವುದಿಲ್ಲ. ಅನೇಕ ಮಾದರಿಗಳಲ್ಲಿ ಬ್ರೇಕ್ ಇರುವುದಿಲ್ಲ; ಮಗು ಪಾದಗಳಿಂದಲೇ ವಾಹನವನ್ನು ನಿಲ್ಲಿಸುತ್ತದೆ.

ಇತಿಹಾಸ

ಸಮತೋಲನ ಸೈಕಲ್ ಹೊಸ ಆವಿಷ್ಕಾರವೆಂದು ತೋರಿದರೂ ಇದರ ತತ್ತ್ವ ಸೈಕಲ್ಲಿನಷ್ಟೇ ಹಳೆಯದು. ಜರ್ಮನಿಯ ಕಾರ್ಲ್ ಫಾನ್ ಡ್ರಾಯಿಸ್ 1817ರ ಜೂನ್ 12ರಂದು ಮ್ಯಾನ್‌ಹೈಮ್ ನಗರದಿಂದ ತಾನು ರೂಪಿಸಿದ ಮರದ ‘ಓಟದ ಯಂತ್ರ’ದ ಮೇಲೆ ಸವಾರಿ ಹೊರಟನು. ಒಂದರ ಹಿಂದೆ ಒಂದರಂತೆ ಎರಡು ಚಕ್ರಗಳಿದ್ದ ಆ ಯಂತ್ರವನ್ನು ಸವಾರನು ನೆಲವನ್ನು ಕಾಲಿನಿಂದ ಒತ್ತಿ ಓಡಿಸಬೇಕಾಗಿತ್ತು. 1818ರಲ್ಲಿ ಡ್ರಾಯಿಸ್‌ಗೆ ಬಾಡೆನ್ ಸಂಸ್ಥಾನದಿಂದ ಇದರ ಹಕ್ಕುಸ್ವಾಮ್ಯ ದೊರೆಯಿತು.

ಮುಂದಿನ ಚಕ್ರಕ್ಕೆ ಪೆಡಲ್ ಜೋಡಿಸಿದ ಸೈಕಲ್‌ಗಳು 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜನಪ್ರಿಯವಾದವು. ಹಿಂದಿನ ಚಕ್ರವನ್ನು ಸರಪಳಿಯಿಂದ ತಿರುಗಿಸುವ, ಇಂದಿನ ಸೈಕಲ್ಲನ್ನು ಹೋಲುವ ‘ರೋವರ್’ ಮಾದರಿಯನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದನು. ಹೀಗೆ ಸೈಕಲ್ಲಿನ ಇತಿಹಾಸದಲ್ಲಿಯೂ ಮನುಷ್ಯನು ಮೊದಲು ಎರಡು ಚಕ್ರಗಳ ಮೇಲೆ ಸಮತೋಲನ ಸಾಧಿಸಿ, ದಶಕಗಳ ಬಳಿಕ ಪೆಡಲ್ ತುಳಿಯತೊಡಗಿದನು.

ಮಕ್ಕಳಿಗಾಗಿ ತಯಾರಾದ ಆಧುನಿಕ ರೂಪವು 1990ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಪ್ರಚಾರಕ್ಕೆ ಬಂತು. ಅಲ್ಲಿನ ಕೊಕುವಾ ಸಂಸ್ಥೆಯ ‘ಲೈಕ್ ಎ ಬೈಕ್’ ಎಂಬ ಮರದ ಮಾದರಿ ಆರಂಭಿಕವಾದವುಗಳಲ್ಲಿ ಒಂದು. ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ‘ಸ್ಟ್ರೈಡರ್’ ಸಂಸ್ಥೆಯಿಂದ ಇದು ಇನ್ನಷ್ಟು ಪ್ರಸಿದ್ಧಿ ಪಡೆಯಿತು.

ಕಾರ್ಯತತ್ತ್ವ

ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವವರು ಕೋಲು ಯಾವ ಕಡೆ ವಾಲುತ್ತದೆಯೋ ಆ ಕಡೆಗೇ ಕೈಯನ್ನು ಸರಿಸುತ್ತಾರೆ. ಚಲಿಸುವ ಸೈಕಲ್ಲಿನ ಸಮತೋಲನವೂ ಬಹುಮಟ್ಟಿಗೆ ಇದೇ ಬಗೆಯದು. ಸೈಕಲ್ ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಎಡಕ್ಕೇ ತಿರುಗಿಸಿದರೆ ಚಕ್ರಗಳು ಸವಾರನ ಗುರುತ್ವ ಕೇಂದ್ರದ ಅಡಿಗೆ ಮತ್ತೆ ಬಂದು ನಿಲ್ಲುತ್ತವೆ. ಇದು ಬಾಯಿಮಾತಿನ ವಿವರಣೆಯಿಂದ ಬರುವ ವಿದ್ಯೆಯಲ್ಲ; ದೇಹವು ಮತ್ತೆ ಮತ್ತೆ ವಾಲಿ, ಸರಿಪಡಿಸಿಕೊಂಡು, ಅಭ್ಯಾಸದಿಂದ ಗಳಿಸುವ ಕೌಶಲ. ಸಮತೋಲನ ಸೈಕಲ್ಲಿನಲ್ಲಿ ಮಗು ಇದನ್ನು ತನ್ನದೇ ವೇಗದಲ್ಲಿ ಅಭ್ಯಾಸ ಮಾಡುತ್ತದೆ. ಬೀಳುವಂತೆನಿಸಿದರೆ ಕಾಲೂರಲು ನೆಲ ಹತ್ತಿರದಲ್ಲಿಯೇ ಇರುವುದರಿಂದ ಭಯ ಕಡಿಮೆ.

ಆಸರೆ ಚಕ್ರಗಳೊಂದಿಗೆ ಹೋಲಿಕೆ

ಪಕ್ಕದಲ್ಲಿ ಎರಡು ಚಿಕ್ಕ ಆಸರೆ ಚಕ್ರಗಳನ್ನು ಜೋಡಿಸಿದ ಸೈಕಲ್ಲಿನಲ್ಲಿ ಮಗು ಮೊದಲ ದಿನದಿಂದಲೇ ಪೆಡಲ್ ತುಳಿಯುವುದನ್ನೂ ಬ್ರೇಕ್ ಹಿಡಿಯುವುದನ್ನೂ ಕಲಿಯಬಹುದು. ಆದರೆ ವಾಹನವು ಆಸರೆಯ ಮೇಲೆ ನಿಲ್ಲುವ ಕಾರಣ ಸಮತೋಲನದ ಅಭ್ಯಾಸಕ್ಕೆ ಅವಕಾಶ ಸಿಗುವುದಿಲ್ಲ. ಎರಡು ಚಕ್ರಗಳ ಸೈಕಲ್ ತಿರುವಿನಲ್ಲಿ ಒಳಮುಖವಾಗಿ ವಾಲಬೇಕು. ಆಸರೆ ಚಕ್ರಗಳು ಈ ವಾಲುವಿಕೆಯನ್ನು ತಡೆಯುತ್ತವೆ. ಮಗುವಿನ ದೇಹ ಹೊರಮುಖವಾಗಿ ವಾಲುವ ರೂಢಿಯೂ ಬೆಳೆಯಬಹುದು. ಆಸರೆಯನ್ನು ಕಳಚಿದ ದಿನ ಮಗು ಸಮತೋಲನವನ್ನು ಮೊದಲಿನಿಂದ ಕಲಿಯಬೇಕಾಗುವುದಲ್ಲದೆ, ಹಳೆಯ ರೂಢಿಯನ್ನು ಮರೆಯಬೇಕಾಗುತ್ತದೆ.

ಪೆಡಲ್ ತುಳಿಯುವುದು ತುಲನಾತ್ಮಕವಾಗಿ ಸುಲಭ. ತ್ರಿಚಕ್ರ ಸೈಕಲ್ ಓಡಿಸುವ ಮಗು ಅದನ್ನು ಬಲ್ಲದು. ಆದ್ದರಿಂದ ಕಠಿಣವಾದ ಸಮತೋಲನವನ್ನು ಮೊದಲು ಕಲಿತ ಮಗುವಿಗೆ ಮುಂದಿನ ಹಂತ ಹಗುರವಾಗುತ್ತದೆ.

ಸಂಶೋಧನೆ

ಪೋರ್ಚುಗಲ್‌ನ ಕ್ರಿಸ್ಟಿಯಾನಾ ಮೆರ್ಸೆ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಸಮೀಕ್ಷಾ ಅಧ್ಯಯನದಲ್ಲಿ, ಸಮತೋಲನ ಸೈಕಲ್ ಬಳಸಿದವರು ಸರಾಸರಿ 4.16 ವರ್ಷ ವಯಸ್ಸಿನಲ್ಲಿಯೂ, ಆಸರೆ ಚಕ್ರ ಬಳಸಿದವರು ಸರಾಸರಿ 5.97 ವರ್ಷ ವಯಸ್ಸಿನಲ್ಲಿಯೂ ಸ್ವತಂತ್ರವಾಗಿ ಸೈಕಲ್ ಓಡಿಸಲು ಕಲಿತಿದ್ದರು. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇವು ಹಿಂದಿನದನ್ನು ನೆನಪಿಸಿಕೊಂಡು ನೀಡಿದ ಉತ್ತರಗಳನ್ನು ಆಧರಿಸಿವೆ. ಸಮತೋಲನ ಸೈಕಲ್ ಕೊಳ್ಳುವ ಕುಟುಂಬಗಳಲ್ಲಿ ಸೈಕಲ್ ಸವಾರಿಯ ಬಗೆಗೆ ಮೊದಲೇ ಹೆಚ್ಚಿನ ಆಸಕ್ತಿ ಇದ್ದಿರಬಹುದು. ಈ ವಾಹನವನ್ನು ಚಿಕ್ಕ ವಯಸ್ಸಿನಲ್ಲೇ ನೀಡಲು ಸಾಧ್ಯವಿರುವುದೂ ಒಂದು ಕಾರಣವಿರಬಹುದು.

ಆಯ್ಕೆ ಮತ್ತು ಬಳಕೆ

ಆಯ್ಕೆಯಲ್ಲಿ ವಯಸ್ಸಿಗಿಂತ ಮಗುವಿನ ಕಾಲಿನ ಒಳ ಅಳತೆ ಮುಖ್ಯ. ಆಸನದ ಎತ್ತರವು ಈ ಅಳತೆಗಿಂತ 2ರಿಂದ 3 ಸೆಂಟಿಮೀಟರ್ ಕಡಿಮೆ ಇರಬೇಕು. ಕುಳಿತಾಗ ಪಾದಗಳು ನೆಲಕ್ಕೆ ಊರಿ, ಮೊಣಕಾಲುಗಳು ಸ್ವಲ್ಪ ಬಾಗಿರಬೇಕು. ವಾಹನದ ತೂಕ ಮಗು ತಾನೇ ಎತ್ತಿ ನಿಲ್ಲಿಸಿಕೊಳ್ಳುವಷ್ಟು ಹಗುರವಾಗಿರುವುದು ಲೇಸು.

ಕಲಿಕೆ ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಸಾಗುತ್ತದೆ: ಸೈಕಲ್ಲನ್ನು ಕಾಲುಗಳ ನಡುವೆ ಇರಿಸಿಕೊಂಡು ನಡೆಯುವುದು, ಕುಳಿತು ನಡೆಯುವುದು, ಕುಳಿತು ಓಡುವುದು, ಕೊನೆಗೆ ಕಾಲೆತ್ತಿ ಜಾರುವುದು. ಹಿರಿಯರು ಹ್ಯಾಂಡಲ್ ಹಿಡಿದು ನಡೆಸಿದರೆ ಮಗುವಿಗೆ ವಾಲುವಿಕೆಯ ಅನುಭವ ತಪ್ಪುತ್ತದೆ. ಅವಸರಪಡಿಸದೆ ಬಿಟ್ಟ ಮಗು ತನ್ನ ಹಂತವನ್ನು ತಾನೇ ದಾಟುತ್ತದೆ. ಕೆಲವು ಅಡಿ ದೂರ ಕಾಲೆತ್ತಿ ಜಾರುತ್ತ ತಿರುವು ತೆಗೆದುಕೊಳ್ಳಬಲ್ಲ ಮಗುವನ್ನು ಪೆಡಲ್ ಸೈಕಲ್ಲಿಗೆ ಸಿದ್ಧವೆಂದು ಭಾವಿಸಬಹುದು.

ಸುರಕ್ಷತೆ

ಇಳಿಜಾರು ಈ ವಾಹನದ ಮುಖ್ಯ ಅಪಾಯ. ಇಳಿಜಾರಿನಲ್ಲಿ ವೇಗವು ಪಾದಗಳ ಹಿಡಿತವನ್ನು ಮೀರಬಹುದು. ಸಮತಟ್ಟಾದ ಮೈದಾನ, ಉದ್ಯಾನ ಅಥವಾ ವಾಹನ ಸಂಚಾರವಿಲ್ಲದ ಅಂಗಳ ಸೂಕ್ತ. ಹೆಲ್ಮೆಟ್ ಹುಬ್ಬುಗಳಿಂದ ಎರಡು ಬೆರಳಿನಷ್ಟು ಮೇಲೆ ಕುಳಿತು, ಪಟ್ಟಿ ಗಲ್ಲದಡಿ ಬಿಗಿಯಾಗಿರಬೇಕು. ಪಾದವೇ ಬ್ರೇಕ್ ಆಗಿರುವ ಕಾರಣ ಮುಚ್ಚಿದ ಪಾದರಕ್ಷೆ ಅಗತ್ಯ.

ಪರ್ಯಾಯಗಳು

ಸಾಮಾನ್ಯ ಚಿಕ್ಕ ಸೈಕಲ್ಲಿನ ಪೆಡಲ್‌ಗಳನ್ನೂ ಆಸರೆ ಚಕ್ರಗಳನ್ನೂ ಕಳಚಿ, ಆಸನವನ್ನು ತಗ್ಗಿಸಿದರೆ ಅದೇ ಸಮತೋಲನ ಸೈಕಲ್ ಆಗುತ್ತದೆ. ಎಡ ಪೆಡಲಿನ ತಿರುಪು ವಿರುದ್ಧ ದಿಕ್ಕಿನದು. ಗಡಿಯಾರದ ಮುಳ್ಳು ಸಾಗುವ ದಿಕ್ಕಿಗೆ ತಿರುಗಿಸಿದಾಗ ಅದು ಸಡಿಲವಾಗುತ್ತದೆ. ಇಂತಹ ಸೈಕಲ್ ಹೆಚ್ಚು ಭಾರವಿದ್ದು ಆಸನವೂ ಎತ್ತರವಿರುವುದರಿಂದ ಎರಡು ವರ್ಷದ ಮಗುವಿಗೆ ಒಗ್ಗದು. ನಾಲ್ಕು ವರ್ಷ ದಾಟಿದವರಿಗೆ ಇದು ಸಾಕಾಗುತ್ತದೆ. ಕಲಿತ ಮೇಲೆ ಪೆಡಲ್‌ಗಳನ್ನು ಮರುಜೋಡಿಸಬಹುದು.

ಕರ್ನಾಟಕದ ಹಳ್ಳಿ, ಪಟ್ಟಣಗಳಲ್ಲಿ ಮಕ್ಕಳು ದೊಡ್ಡವರ ಸೈಕಲ್ಲಿನ ಒಂದು ಪೆಡಲಿನ ಮೇಲೆ ಒಂದು ಕಾಲಿಟ್ಟು, ಮತ್ತೊಂದು ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಿ, ಸಮತೋಲನ ಬಂದ ಮೇಲೆ ಚೌಕಟ್ಟಿನ ನಡುವೆ ಕಾಲು ತೂರಿಸಿ ಒಳಪೆಡಲ್ ತುಳಿಯುವ ರೂಢಿಯಿತ್ತು. ಸಾಧನ ಬೇರೆಯಾದರೂ ಕಲಿಕೆಯ ಕ್ರಮ ಒಂದೇ: ಮೊದಲು ಸಮತೋಲನ, ಆಮೇಲೆ ಪೆಡಲ್.

ಉಪಯುಕ್ತತೆ ಮತ್ತು ಮಿತಿಗಳು

ಎರಡು, ಮೂರು ವರ್ಷದ ಮಗುವಿಗೆ ಸುರಕ್ಷಿತವಾಗಿ ಓಡಾಡುವ ಸ್ಥಳವಿದ್ದು, ಒಡಹುಟ್ಟಿದವರು ಮುಂದೆ ಅದನ್ನೇ ಬಳಸುವಂತಿದ್ದರೆ ಸಮತೋಲನ ಸೈಕಲ್ ಪ್ರಯೋಜನಕಾರಿ. ಎರವಲು ಪಡೆದದ್ದೂ ಇದೇ ಕೆಲಸಕ್ಕೆ ಬರುತ್ತದೆ. ಸ್ಥಳಾವಕಾಶವಿಲ್ಲದ ಮನೆಯಲ್ಲಿ ಅಥವಾ ಮಗುವಿಗೆ ಈಗಾಗಲೇ ನಾಲ್ಕೈದು ವರ್ಷವಾಗಿದ್ದಲ್ಲಿ ಪ್ರತ್ಯೇಕ ವಾಹನ ಅನಿವಾರ್ಯವಲ್ಲ. ಕೈ ಬ್ರೇಕಿನ ಬಳಕೆ, ರಸ್ತೆ ನಿಯಮಗಳ ಅರಿವು ಮುಂತಾದವನ್ನು ಇದು ಕಲಿಸುವುದಿಲ್ಲ. ಅವನ್ನು ಬೇರೆಯಾಗಿಯೇ ಕಲಿಸಬೇಕು. ಇದರ ಮುಖ್ಯ ಲಾಭವಿರುವುದು ಕಲಿಕೆಯ ಕ್ರಮದಲ್ಲಿಯೇ ಹೊರತು ದುಬಾರಿ ಬೆಲೆಯಲ್ಲಿ ಅಲ್ಲ.