ಕುಮ್ಕಿ, ಬಾಣೆ, ವರ್ಗ: ಭೂದಾಖಲೆಗಳ ಪರಿಭಾಷೆಯಲ್ಲಿ ಏಕರೂಪತೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಭೂದಾಖಲೆಗಳನ್ನು ಪರಿಶೀಲಿಸುವ ಇತಿಹಾಸಾಭ್ಯಾಸಿಗೆ ಮೊದಲು ಎದುರಾಗುವ ತೊಡಕು ಪಾರಿಭಾಷಿಕ ಶಬ್ದಗಳದು. ಈ ಶಬ್ದಗಳಿಗೆ ಏಕರೂಪತೆಯನ್ನು ತರುವ ಬಗೆ ಹೇಗೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲು ಉದ್ದೇಶಿಸಿದ್ದೇವೆ.

ತೊಡಕಿಗೆ ಕಾರಣ ಈ ಸೀಮೆಯ ರಾಜಕೀಯ ಚರಿತ್ರೆಯಲ್ಲಿಯೇ ಇದೆ. 1799ರಲ್ಲಿ ಕೆನರಾ ಪ್ರಾಂತವು ಇಂಗ್ಲಿಷರ ವಶವಾಯಿತು. ಅಮರ ಸುಳ್ಯದ ಪ್ರದೇಶವಾದರೋ 1834ರವರೆಗೆ ಕೊಡಗಿನ ಅರಸರ ಅಧೀನದಲ್ಲಿದ್ದು, ಆ ರಾಜ್ಯದ ಪತನಾನಂತರ ಕೆನರಾಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದು, 1956ರಲ್ಲಿ ಮೈಸೂರು ರಾಜ್ಯದೊಡನೆ ಒಂದಾಯಿತು. ಪ್ರತಿಯೊಂದು ಆಡಳಿತವೂ ತನ್ನ ಶಬ್ದಗಳನ್ನು ಕಡತಗಳಲ್ಲಿ ಬಿಟ್ಟುಹೋಗಿದೆ.

'ವರ್ಗ' ಶಬ್ದವನ್ನೇ ನೋಡಬಹುದು. ಓದುಗರು ಇದನ್ನು ಸಂಸ್ಕೃತದ ವರ್ಗವೆಂದೇ ಎಣಿಸುವುದು ಸಹಜ. ಆದರೆ ಇಲ್ಲಿಯದು ಹಾಳೆ ಎಂಬರ್ಥದ ಅರಬ್ಬೀ ಶಬ್ದದಿಂದ ಬಂದುದು. ಲೆಕ್ಕದ ಹಾಳೆಗೆ ಇದ್ದ ಹೆಸರು ಕ್ರಮೇಣ ಆ ಲೆಕ್ಕದಲ್ಲಿ ನಮೂದಾದ ಹಿಡುವಳಿಗೇ ಆಯಿತು. 'ಕುಮ್ಕಿ'ಯ ಮೂಲಾರ್ಥ ಸಹಾಯ. ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರಕಾರೀ ಭೂಮಿಯಿಂದ ಸೊಪ್ಪು, ತರಗೆಲೆ, ಕಟ್ಟಿಗೆಗಳನ್ನು ಬೇಸಾಯಕ್ಕಾಗಿ ಪಡೆಯುವ ಸವಲತ್ತು ಅದು. ಭೂಮಿಯ ಒಡೆತನ ಸರಕಾರದ್ದು. ವರ್ಗದಾರನದು ಬಳಕೆ ಮಾತ್ರ. 'ಕುಮ್ಕಿ' ಎಂಬಲ್ಲಿ 'ಸರಕಾರೀ ಪಾಳುಭೂಮಿ' ಎಂದಷ್ಟೇ ಬರೆದರೆ ಸವಲತ್ತು ಮರೆಯಾಗುತ್ತದೆ; 'ಹಿಡುವಳಿ' ಎಂದು ಬರೆದರೆ ಇಲ್ಲದ ಒಡೆತನ ಹುಟ್ಟುತ್ತದೆ. ಅಡಕೆ ತೋಟಕ್ಕೆ ಸೊಪ್ಪನ್ನು ಆಶ್ರಯಿಸಿದ ಕೃಷಿಕನಿಗೆ ಇದು ಬರಿಯ ಶಬ್ದಚರ್ಚೆಯಲ್ಲ.

1964ರ ಭೂಕಂದಾಯ ಅಧಿನಿಯಮವು ಈ ವಿಷಯದಲ್ಲಿ ವಿವೇಕದ ಹಾದಿಯನ್ನು ಹಿಡಿಯಿತು. ಅದರ 79ನೆಯ ಪ್ರಕರಣವು ಎಲ್ಲ ಸವಲತ್ತುಗಳಿಗೂ ಒಂದೇ ಹೊಸ ಹೆಸರನ್ನು ಹೇರದೆ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ; ಉತ್ತರ ಕನ್ನಡದ ಬೆಟ್ಟ, ಹಾಡಿ; ಮೈಸೂರು ಪ್ರದೇಶದ ಕಾನು, ಸೊಪ್ಪಿನಬೆಟ್ಟ; ಕೊಡಗಿನ ಜಮ್ಮಾ, ಬಾಣೆ ಎಂದು ಶಬ್ದವನ್ನು ಪ್ರದೇಶದೊಡನೆ ಹೆಸರಿಸಿ ಸವಲತ್ತುಗಳನ್ನು ಮುಂದುವರಿಸಿತು. 'ಬಾಣೆ'ಯು ಎರಡು ಜಿಲ್ಲೆಗಳ ಹೆಸರಿನಲ್ಲಿಯೂ ಬಂದಿರುವುದು ಗಮನಾರ್ಹ. ಸುಳ್ಯದ ಮೇಲೆ ಕೊಡಗಿನ ಆಳ್ವಿಕೆಯಿದ್ದುದೇ ಇದರ ಹಿನ್ನೆಲೆಯೆಂದು ಊಹಿಸಲು ಅವಕಾಶವಿದೆ. ಆದರೂ ಹೆಸರು ಒಂದಾದ ಮಾತ್ರಕ್ಕೆ ಹಕ್ಕು ಒಂದೆಂದು ತಿಳಿಯಲಾಗದು. ಕಾನೆ, ಕಾನುಗಳ ಧ್ವನಿಸಾಮ್ಯವನ್ನೂ ಹಾಗೆಯೇ ಎಚ್ಚರದಿಂದ ಕಾಣಬೇಕು.

ಗೇಣಿಯ ಪರಿಭಾಷೆಯೂ ಇಂಥದೇ. ಮೂಲಗೇಣಿಯು ಶಾಶ್ವತವಾದುದು, ಚಾಲಗೇಣಿಯು ಒಡೆಯನ ಇಚ್ಛೆಗೆ ಒಳಪಟ್ಟುದು. ಎರಡನ್ನೂ ಬರಿಯ 'ಗೇಣಿ' ಎಂದರೆ ಸ್ಥಿರನಾದ ರೈತನಿಗೂ ಅಸ್ಥಿರನಾದವನಿಗೂ ಭೇದ ಉಳಿಯದು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಕೃಷಿಭೂಮಿಯು ಸರಕಾರದಲ್ಲಿ ನಿಹಿತವಾದ ಮೇಲೆಯೂ, ಮೂಲಗೇಣಿ, ಒಳಮೂಲಗೇಣಿದಾರರ ಒಡೆತನಕ್ಕಾಗಿ 2011ರ ಪ್ರತ್ಯೇಕ ಅಧಿನಿಯಮ ಬೇಕಾಯಿತೆಂಬುದರಿಂದ ಹಳೆಯ ಶಬ್ದದ ಬಲವನ್ನು ಅರಿಯಬಹುದು.

ಇಂದು 'ಭೂಮಿ' ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರವನ್ನು ಸೇರಿವೆ. ಹಿಂದೆ ಊರಿನ ಶ್ಯಾನುಭಾಗನು ಅಕ್ಷರಭೇದವನ್ನು ತನ್ನ ತಿಳಿವಳಿಕೆಯಿಂದ ಸರಿದೂಗಿಸಬಲ್ಲವನಾಗಿದ್ದನು. ಯಂತ್ರಕ್ಕಾದರೋ, ಕಲಿಸಿಕೊಡದ ಹೊರತು, 'ಕುಮ್ಕಿ'ಯೂ 'ಕುಮಕಿ'ಯೂ ಬೇರೆ ಬೇರೆ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು. ಏಕರೂಪತೆಯೆಂದರೆ ಹಲವು ಶಬ್ದಗಳನ್ನು ಅಳಿಸಿ ಒಂದನ್ನು ಉಳಿಸುವುದೆಂದು ತಿಳಿಯತಕ್ಕದ್ದಲ್ಲ. ಪ್ರತಿ ಶಬ್ದಕ್ಕೂ ಒಂದು ಕಾಗುಣಿತ, ಒಂದು ಲಕ್ಷಣವಾಕ್ಯ, ಅದು ಸಲ್ಲುವ ಸೀಮೆ ಮತ್ತು ಕಾಲ, ಇವಿಷ್ಟನ್ನು ಗೊತ್ತುಪಡಿಸಿ, ಕಚೇರಿಯವರೂ ಸಂಶೋಧಕರೂ ಅದನ್ನೇ ಅನುಸರಿಸಬೇಕು. ಈ ಮೂರು ತಾಲೂಕುಗಳ ಗ್ರಾಮಲೆಕ್ಕಗಳಿಂದ ಇಂತಹ ಪದಪಟ್ಟಿಯೊಂದನ್ನು ಸಿದ್ಧಪಡಿಸುವುದು ಇತಿಹಾಸ ವಿಭಾಗಗಳಿಗೆ ಯೋಗ್ಯವಾದ ಕಾರ್ಯ. ಹಳೆಯ ಲೆಕ್ಕಗಳನ್ನು ಓದಬಲ್ಲ ಹಿರಿಯರು ಇರುವಾಗಲೇ ಅದು ನಡೆಯಬೇಕು.